ಹದಿನಾರು ಮೂಲೆಗಳ ಲೆಕ್ಕ

ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ ಅವನ ದಂಡನಾಯಕ ಸೋಮನಾಥ ಕಾವೇರಿಯ ಮಗ್ಗುಲಲ್ಲಿ ಒಂದು ಅಗ್ರಹಾರ ಕಟ್ಟಿಸಿ, ತನ್ನ ಹೆಸರನ್ನೇ ಇಟ್ಟು ವಿದ್ಯಾನಿಧಿ ಪ್ರಸನ್ನ ಸೋಮನಾಥಪುರವೆಂದು ಕರೆದ. ಅಲ್ಲಿ 1268ರಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯ ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಇವತ್ತಿಗೂ ನಿಂತಿದೆ. ಪಶ್ಚಿಮಕ್ಕೆ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ, ಹೀಗೆ ಮೂರು ಗರ್ಭಗುಡಿಗಳ ತ್ರಿಕೂಟ ಅದು. ನೋಡಹೋದವರೆಲ್ಲ ಭಿತ್ತಿಯ ಆನೆ, ಕುದುರೆ, ರಾಮಾಯಣದ ಸಾಲು, ಶಿಲ್ಪಿ ಮಲ್ಲಿತಮ್ಮನ ಹೆಸರು ಕೊರೆದ ಮೂರ್ತಿಗಳ ಮುಂದೆ ನಿಲ್ಲುತ್ತಾರೆ. ನಿಲ್ಲಲೇಬೇಕು. ಆದರೆ ಆ ಮೂರ್ತಿಗಳಿಗಿಂತ ಮೊದಲೇ, ಒಂದು ಕಲ್ಲೂ ಬೀಳುವ ಮುನ್ನ, ಬರೀ ನೆಲದ ಮೇಲೆ ನಡೆದ ಕೆಲಸವೊಂದಿದೆ. ಮೂರೂ ವಿಮಾನಗಳ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಅಂದರೆ ಯಾರೋ ಒಬ್ಬರು ಅಲ್ಲಿ ವೃತ್ತ ಎಳೆದು, ಅದನ್ನು ಹದಿನಾರು ಸಮಭಾಗ ಮಾಡಿದ್ದರು. ಕೋನಮಾಪಕವಿಲ್ಲದೆ, ಡಿಗ್ರಿಯ ಗೆರೆ ಕೊರೆದ ಯಾವ ಉಪಕರಣವೂ ಇಲ್ಲದೆ.

ಕನ್ನಡ ನಾಡಿನ ಗಣಿತದ ಇತಿಹಾಸ ಬರೆಯುವಾಗ ನಾವು ಓಲೆಗರಿಗಳನ್ನು ಹುಡುಕುತ್ತೇವೆ. ಈ ನೆಲಗಟ್ಟನ್ನು ಓದುವುದಿಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಸೋಮನಾಥಪುರದ ಜಗತಿ ಹದಿಮೂರನೆಯ ಶತಮಾನದ ರೇಖಾಗಣಿತದ ಒಂದು ಪುಟವೇ ಆಗಿದೆ.

ವಾಸ್ತುಗ್ರಂಥಗಳು ದಿಕ್ಕು ಸಾಧಿಸಲು ಹೇಳುವ ಕ್ರಮ ಬಹಳ ಹಳೆಯದು. ಕಾತ್ಯಾಯನ ಶುಲ್ಬಸೂತ್ರದ ಕಾಲದಿಂದ ಮಯಮತ, ಮಾನಸಾರದವರೆಗೆ ಅದು ಹೆಚ್ಚು ಬದಲಾಗಿಲ್ಲ. ಬೇಕಾದ ಸಾಮಾನು ಮೂರೇ: ನೆಟ್ಟಗಿನ ಒಂದು ಶಂಕು, ಒಂದು ಹಗ್ಗ, ಕೆಲವು ಗೂಟ. ಸಮತಟ್ಟಾದ ನೆಲದಲ್ಲಿ ಶಂಕುವನ್ನು ನೆಟ್ಟು, ಅದನ್ನೇ ಕೇಂದ್ರ ಮಾಡಿಕೊಂಡು ಹಗ್ಗದಿಂದ ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ಉದ್ದವಾಗಿರುವ ನೆರಳು ಗಿಡ್ಡವಾಗುತ್ತ ಬಂದು ಪಶ್ಚಿಮದ ಕಡೆ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು. ಮಧ್ಯಾಹ್ನ ಕಳೆದ ಮೇಲೆ ನೆರಳು ಬೆಳೆಯುತ್ತ ಪೂರ್ವದ ಕಡೆ ವೃತ್ತವನ್ನು ದಾಟುವಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವಪಶ್ಚಿಮ ಗೆರೆ ಬಂತು.

ಆದರೆ ಆ ಗೆರೆ ಕೇಂದ್ರದ ಮೂಲಕ ಹಾದುಹೋಗುವುದಿಲ್ಲ. ಅದಕ್ಕೇ ಎರಡನೆಯ ಹೆಜ್ಜೆ. ಎರಡೂ ಗುರುತುಗಳಿಂದ ಒಂದೇ ಉದ್ದದ ಹಗ್ಗ ಹಿಡಿದು ಎರಡು ಕಂಸ ಎಳೆದರೆ ಅವು ಒಂದನ್ನೊಂದು ಕತ್ತರಿಸಿ ನಡುವೆ ಮೀನಿನ ಆಕಾರ ಮೂಡುತ್ತದೆ. ಶಾಸ್ತ್ರಕಾರರು ಅದನ್ನು ಮತ್ಸ್ಯವೆಂದೇ ಕರೆದರು. ಮೀನಿನ ಬಾಯಿಂದ ಬಾಲಕ್ಕೆ ಹಗ್ಗ ಬಿಗಿದರೆ ಅದು ಕೇಂದ್ರದ ಮೇಲೆಯೇ ಹಾಯುವ ಉತ್ತರದಕ್ಷಿಣ ಗೆರೆ. ಆ ಗೆರೆ ವೃತ್ತವನ್ನು ಕಡಿಯುವ ಎರಡು ಬಿಂದುಗಳಿಂದ ಮತ್ತೊಂದು ಮೀನು ಎಳೆದರೆ ಕೇಂದ್ರದ ಮೂಲಕ ಪೂರ್ವಪಶ್ಚಿಮ ಸಿಗುತ್ತದೆ. ವೃತ್ತ ಈಗ ನಾಲ್ಕು ಪಾಲಾಯಿತು. ಅಕ್ಕಪಕ್ಕದ ಎರಡು ಗೂಟಗಳ ನಡುವೆ ಮತ್ತೆ ಮೀನು ಎಳೆದರೆ ಎಂಟು. ಇನ್ನೊಂದು ಸುತ್ತು ಎಳೆದರೆ ಹದಿನಾರು. ಎಲ್ಲಿಯೂ ಅಳತೆಯಿಲ್ಲ, ಭಾಗಾಕಾರವಿಲ್ಲ. ಬಟ್ಟೆಯನ್ನು ನಡುವಿಗೆ ಮಡಿಸಿ, ಮತ್ತೆ ನಡುವಿಗೆ ಮಡಿಸಿದ ಹಾಗೆ, ಪ್ರತಿ ಸಲವೂ ಮಾಡುವುದು ಒಂದೇ ಕೆಲಸ: ಅರ್ಧ ಮಾಡುವುದು.

ಇಷ್ಟಾದ ಮೇಲೆ ನಕ್ಷತ್ರ ತಾನಾಗಿ ಬರುತ್ತದೆ. ಹದಿನಾರು ಗೂಟಗಳಲ್ಲಿ ಪ್ರತಿ ನಾಲ್ಕನೆಯದನ್ನು ಹಗ್ಗದಿಂದ ಸೇರಿಸಿದರೆ ಒಂದು ಚೌಕ. ಪಕ್ಕದ ಗೂಟದಿಂದ ಶುರುಮಾಡಿದರೆ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿದ ಇನ್ನೊಂದು ಚೌಕ. ಇಂಥ ನಾಲ್ಕು ಚೌಕಗಳು ಒಂದರ ಮೇಲೊಂದು ಕೂತಾಗ ಹೊರಗೆ ಕಾಣುವ ಅಂಚೇ ಹದಿನಾರು ಮೂಲೆಗಳ ನಕ್ಷತ್ರ. ಕಲ್ಲುಕುಟಿಗನಿಗೆ ಇದರಿಂದ ಆಗುವ ಉಪಕಾರ ಎಂಥದು ನೋಡಿ: ಪ್ರತಿ ಹೊರಮೂಲೆಯೂ ಚೌಕವೊಂದರ ಮೂಲೆ, ಆದ್ದರಿಂದ ಹದಿನಾರಕ್ಕೆ ಹದಿನಾರೂ ಸರಿಯಾದ ಲಂಬಕೋನ. ನೋಡಲು ಇಷ್ಟು ಜಟಿಲವಾದ ಕಟ್ಟಡದ ಹೊರಮೂಲೆಯ ಕಲ್ಲನ್ನು ಸಾದಾ ಮನೆಯ ಗೋಡೆಗೆ ಬಳಸುವ ಮೂಲೆಮಟ್ಟದಿಂದಲೇ ಒರೆಹಚ್ಚಿ ನೋಡಬಹುದು. ಒಳಮೂಲೆಗಳಿಗೂ ಒಂದೇ ಅಚ್ಚು ಸಾಕು, ಎಲ್ಲವೂ ನೂರ ಹನ್ನೆರಡೂವರೆ ಡಿಗ್ರಿ. ಹತ್ತು ಮೊಳದ ಹಗ್ಗದಲ್ಲಿ ವೃತ್ತ ಎಳೆದರೆ ಒಳಮೂಲೆಗಳು ಕೇಂದ್ರದಿಂದ ಎಂಟೂವರೆ ಮೊಳದಲ್ಲಿ ಬೀಳುತ್ತವೆ, ಎರಡು ಮೂಲೆಗಳ ನಡುವಿನ ಪ್ರತಿ ಮುಖವೂ ಎರಡು ಮೊಳ ಚಿಲ್ಲರೆ. ಬಳಪದ ಕಲ್ಲಿನ ಪಟ್ಟಿಕೆಗಳನ್ನು ಬೇರೆ ಬೇರೆ ಕೈಗಳು ಕೆತ್ತಿದರೂ ಒಂದಕ್ಕೊಂದು ಕೂಡಿಕೊಳ್ಳಲು ಬೇಕಾದದ್ದು ಇದೇ. ಸೋಮನಾಥಪುರದಲ್ಲಿ ಕೈಗಳು ಬೇರೆ ಬೇರೆಯೇ ಇದ್ದವು. ಮಲ್ಲಿತಮ್ಮನೊಬ್ಬನ ಹೆಸರೇ ಸುಮಾರು 40 ಮೂರ್ತಿಗಳ ಕೆಳಗಿದೆ. ಅವನ ಜೊತೆಗೆ ಚೌಡೆಯ, ಬಾಲೆಯ, ಮಸಣತಮ್ಮ, ನಂಜಯ, ಭರ್ಮಯ ಎಂಬ ಹೆಸರುಗಳೂ ಸಿಗುತ್ತವೆ.

ಹದಿನಾರರ ಒಂದು ಪಾಲಿನಷ್ಟು ಹಗ್ಗ ಕತ್ತರಿಸಿಕೊಂಡು ವೃತ್ತದ ಸುತ್ತ ಹೆಜ್ಜೆ ಹಾಕುತ್ತ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹಾಗೆ ಮಾಡಿದವನು ಕೆಡುತ್ತಾನೆ. ಹಗ್ಗ ಒಂದು ಬೆರಳಿನಷ್ಟು ಉದ್ದವಾಗಿದ್ದರೆ ಸುತ್ತು ಮುಗಿಯುವ ಹೊತ್ತಿಗೆ ತಪ್ಪು ಹದಿನಾರು ಬೆರಳಾಗಿರುತ್ತದೆ, ಅಷ್ಟೂ ಕೊನೆಯ ಪಾಲಿನ ಮೇಲೆ ಬೀಳುತ್ತದೆ. ಅರ್ಧ ಮಾಡುತ್ತ ಹೋಗುವವನ ತಪ್ಪು ಕೂಡುತ್ತ ಹೋಗುವುದಿಲ್ಲ. ಒಂದು ಗೂಟ ಕೊಂಚ ಆಚೀಚೆಯಾದರೆ ಆ ತಪ್ಪು ಅಲ್ಲಿಯೇ ಉಳಿಯುತ್ತದೆ, ಎದುರಿನ ಗೂಟಕ್ಕೆ ಕೇಂದ್ರದ ಮೇಲಿನಿಂದ ಹಗ್ಗ ಎಳೆದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಹೊಯ್ಸಳ ಶಿಲ್ಪಿಗಳು ಮತ್ತೆ ಮತ್ತೆ ಹದಿನಾರನ್ನೇ ಆರಿಸಿಕೊಂಡದ್ದಕ್ಕೆ ಷೋಡಶೋಪಚಾರವನ್ನೋ ಚಂದ್ರನ ಹದಿನಾರು ಕಲೆಗಳನ್ನೋ ಕಾರಣವಾಗಿ ಹೇಳುವವರಿದ್ದಾರೆ. ನನಗೆ ಹಗ್ಗದ ಈ ಭರವಸೆಯೇ ಹೆಚ್ಚು ಗಟ್ಟಿಯಾದ ಕಾರಣವೆನಿಸುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿ ಗದಗ ಜಿಲ್ಲೆಯ ಡಂಬಳದಲ್ಲಿದೆ. ಕಲ್ಯಾಣ ಚಾಳುಕ್ಯರ ಕಾಲದ, ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪ ದೇವಾಲಯದ ವಿಮಾನಕ್ಕೆ ಮೂಲೆಗಳು ಇಪ್ಪತ್ತನಾಲ್ಕು. ಹದಿನಾರರ ಹಾದಿಯಲ್ಲಿ ಇಪ್ಪತ್ತನಾಲ್ಕು ಬರುವುದಿಲ್ಲ. ಅದಕ್ಕೆ ಬೇರೆ ಬಾಗಿಲಿದೆ. ವೃತ್ತ ಎಳೆದ ಹಗ್ಗವನ್ನೇ, ಅಂದರೆ ತ್ರಿಜ್ಯವನ್ನೇ, ಪರಿಧಿಯ ಮೇಲೆ ಜ್ಯಾ ಆಗಿ ಇಡುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ. ಆರನ್ನು ಅರ್ಧ ಮಾಡಿದರೆ ಹನ್ನೆರಡು, ಮತ್ತೆ ಅರ್ಧ ಮಾಡಿದರೆ ಇಪ್ಪತ್ತನಾಲ್ಕು. ಅಲ್ಲಿಯೂ ಚೌಕವೇ ಆಧಾರ, ಈ ಸಲ ಹದಿನೈದು ಡಿಗ್ರಿಯಂತೆ ತಿರುಗಿದ ಆರು ಚೌಕಗಳು. ಎಂಟು, ಹದಿನಾರು, ಇಪ್ಪತ್ತನಾಲ್ಕು: ಹಗ್ಗಕ್ಕೆ ಸುಲಭವಾಗಿ ದಕ್ಕುವ ಸಂಖ್ಯೆಗಳೇ ಕಲ್ಲಿಗೂ ಬಂದಿವೆ.

ಹಾಗಾದರೆ ಏಳು? ಒಂಬತ್ತು? ಪ್ರಾಚೀನ ಗ್ರೀಸಿನ ಯೂಕ್ಲಿಡ್ ತನ್ನ ನಾಲ್ಕನೆಯ ಪುಸ್ತಕದಲ್ಲಿ ವೃತ್ತದೊಳಗೆ ಮೂರು, ನಾಲ್ಕು, ಐದು, ಆರು, ಹದಿನೈದು ಬಾಹುಗಳ ಆಕೃತಿ ಕೂರಿಸುವುದನ್ನು ಹೇಳಿ ಏಳನ್ನು ಬಿಟ್ಟುಬಿಟ್ಟ. ನಮ್ಮ ಕಡೆ ಆ ಸಂಖ್ಯೆಗಳನ್ನು ಎದುರಿಸಿದವನು ಭಾಸ್ಕರಾಚಾರ್ಯ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಗಿ ಮೂವತ್ತಮೂರು ವರ್ಷಗಳ ನಂತರ, 1150ರಲ್ಲಿ, ಅವನ ಲೀಲಾವತಿ ಹೊರಬಂತು. ಅದರ ಕ್ಷೇತ್ರವ್ಯವಹಾರದಲ್ಲಿ ವೃತ್ತದೊಳಗೆ ಮೂರರಿಂದ ಒಂಬತ್ತರವರೆಗೆ ಸಮಬಾಹುಗಳನ್ನು ಕೂರಿಸಲು ಬೇಕಾದ ಸಂಖ್ಯೆಗಳಿವೆ. ವ್ಯಾಸವನ್ನು ಆಯಾ ಸಂಖ್ಯೆಯಿಂದ ಗುಣಿಸಿ 1,20,000ದಿಂದ ಭಾಗಿಸಿದರೆ ಬಾಹುವಿನ ಉದ್ದ ಬರುತ್ತದೆ. ತ್ರಿಭುಜಕ್ಕೆ 1,03,923, ಚೌಕಕ್ಕೆ 84,853, ಐದಕ್ಕೆ 70,534, ಆರಕ್ಕೆ 60,000, ಏಳಕ್ಕೆ 52,055, ಎಂಟಕ್ಕೆ 45,922, ಒಂಬತ್ತಕ್ಕೆ 41,031.

ಈ ಏಳು ಸಂಖ್ಯೆಗಳನ್ನು ಇವತ್ತಿನ ಕೋಷ್ಟಕದ ಜೊತೆ ಹೋಲಿಸಿ ನೋಡಿದರೆ ಮೈ ಜುಂ ಎನ್ನುತ್ತದೆ. ಮೂರು, ನಾಲ್ಕು, ಐದು, ಆರು, ಎಂಟು, ಈ ಐದೂ ಕೊನೆಯ ಅಂಕಿಯವರೆಗೆ ಸರಿ. ತಪ್ಪಿರುವುದು ಎರಡೇ ಕಡೆ. ಏಳಕ್ಕೆ 52,066 ಇರಬೇಕಿತ್ತು, ಒಂಬತ್ತಕ್ಕೆ 41,042. ಎರಡು ಕಡೆಯೂ ಹನ್ನೊಂದರಷ್ಟು ಕಡಿಮೆ. ಕೈವಾರ ಮತ್ತು ನೇರಪಟ್ಟಿಯಿಂದ ವೃತ್ತವನ್ನು ನಿಖರವಾಗಿ ಭಾಗ ಮಾಡಲು ಸಾಧ್ಯವೇ ಇಲ್ಲದ ಸಂಖ್ಯೆಗಳು ಒಂಬತ್ತರೊಳಗೆ ಇವೆರಡೇ! ಉಳಿದ ಐದಕ್ಕೆ ರೇಖಾಗಣಿತದ ಆಸರೆ ಇತ್ತು, ಇವೆರಡಕ್ಕೆ ಅಂದಾಜಿನ ಲೆಕ್ಕವೇ ಗತಿ. ಆದರೂ ಆ ಅಂದಾಜು ಎಷ್ಟು ಸೂಕ್ಷ್ಮವೆಂದರೆ, ಇಪ್ಪತ್ತು ಮೊಳ ವ್ಯಾಸದ ವೃತ್ತದಲ್ಲಿ ಏಳು ಭಾಗ ಮಾಡಿದರೆ ಒಂದು ಬಾಹುವಿಗೆ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಯಾಕೆ ಸಾಧ್ಯವಿಲ್ಲ ಎಂಬುದು ಬಗೆಹರಿಯಲು ಮತ್ತೆ ಆರೂವರೆ ಶತಮಾನ ಕಾಯಬೇಕಾಯಿತು. ಜರ್ಮನಿಯ ಗೌಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ಹದಿನೇಳು ಭಾಗ ಸಾಧ್ಯವೆಂದು ತೋರಿಸಿದ. ಏಳು ಮತ್ತು ಒಂಬತ್ತು ಅಸಾಧ್ಯವೆಂಬುದಕ್ಕೆ ಪೂರ್ಣ ಸಾಧನೆಯನ್ನು ಫ್ರಾನ್ಸಿನ ವಾಂಟ್ಜೆಲ್ 1837ರಲ್ಲಿ ಪ್ರಕಟಿಸಿದ.

ಲೀಲಾವತಿ ಸಂಸ್ಕೃತದಲ್ಲಿತ್ತು. ಕನ್ನಡದಲ್ಲಿ ಗಣಿತ ಹೇಳಿದವರಿರಲಿಲ್ಲವೇ? ಇದ್ದರು. ಅದೇ ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಚಿತ್ರಹಸುಗೆ, ಲೀಲಾವತಿ ಎಂಬ ಗ್ರಂಥಗಳನ್ನು ಕನ್ನಡದಲ್ಲಿ ಬರೆದ. ಕ್ಷೇತ್ರಗಣಿತವೆಂದರೆ ಹೊಲ, ಕೆರೆ, ವೃತ್ತ, ತ್ರಿಕೋನಗಳ ಲೆಕ್ಕ. ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ರಚಿಸಿದ್ದ. ಅದರಲ್ಲಿ ವೃತ್ತದ ಪರಿಧಿಗೆ ಎರಡು ಲೆಕ್ಕಗಳಿವೆ: ಒರಟಾಗಿ ಬೇಕಾದರೆ ವ್ಯಾಸದ ಮೂರು ಪಟ್ಟು, ಸೂಕ್ಷ್ಮವಾಗಿ ಬೇಕಾದರೆ ಹತ್ತರ ವರ್ಗಮೂಲದ ಪಟ್ಟು. ಅಂದಾಜು ಎಲ್ಲಿ ಸಾಕು, ಸೂಕ್ಷ್ಮ ಎಲ್ಲಿ ಬೇಕು ಎಂಬ ವಿವೇಕ ಈ ಪರಂಪರೆಯಲ್ಲಿ ಮೊದಲಿನಿಂದ ಇತ್ತು.

ಇನ್ನು ಸೋಮನಾಥಪುರದ ಕಾಲದಿಂದ ಐದು ಶತಮಾನ ದಾಟಿ ಬರೋಣ. 1799ರ ಏಪ್ರಿಲ್. ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತು. ರಾತ್ರಿ ಸಾಗುತ್ತಿದ್ದ ಬ್ರಿಟಿಷ್ ಸೇನಾನಿ ಬೇರ್ಡನ ಪಡೆ ದಾರಿತಪ್ಪಿ ಬೇರೆ ದಿಕ್ಕಿಗೆ ನಡೆಯುತ್ತಿದೆ ಎಂಬುದನ್ನು ಆಕಾಶದ ನಕ್ಷತ್ರಗಳನ್ನು ನೋಡಿ ಹೇಳಿದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ಟಿಪ್ಪುವಿನ ಪತನದ ನಂತರ ಇದೇ ಮೈಸೂರು ಸೀಮೆಯನ್ನು ಅಳೆಯುವ ಹೊಣೆ ಕಾಲಿನ್ ಮೆಕೆಂಜಿಗೆ ಬಂತು. ಲ್ಯಾಂಬ್ಟನ್ ಪರ್ಯಾಯ ದ್ವೀಪವನ್ನೇ ತ್ರಿಕೋನಗಳಲ್ಲಿ ಕಟ್ಟುವ ಯೋಜನೆ ಮುಂದಿಟ್ಟ. ಅದಕ್ಕೆ ಬೇಕಾದದ್ದು ಕೋನ ಅಳೆಯುವ ಥಿಯೋಡೊಲೈಟ್. ಲಂಡನ್ನಿನ ಕೇರಿ ಮಾಡಿಕೊಟ್ಟ ಆ ಯಂತ್ರ ಅರ್ಧ ಟನ್ ತೂಗುತ್ತಿತ್ತು, ಅದರ ಹೃದಯ 36 ಅಂಗುಲ ಅಗಲದ, ಡಿಗ್ರಿ ಕೊರೆದ ಒಂದು ಲೋಹದ ವೃತ್ತ. ಸಮುದ್ರದಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್‌ವರೆಗೆ ಹೋಗಿ, ಅಲ್ಲಿನ ಫ್ರೆಂಚ್ ಅಧಿಕಾರಿಗಳ ದೊಡ್ಡತನದಿಂದ ಮರಳಿ ಮದರಾಸು ಮುಟ್ಟಿತು.

ಇಂಥ ವೃತ್ತಕ್ಕೆ ಗೆರೆ ಕೊರೆಯುವುದು ಲಂಡನ್ ಕುಶಲಕರ್ಮಿಗಳಿಗೆ ಎಷ್ಟು ಕಷ್ಟದ್ದಾಗಿತ್ತು ಎಂಬುದನ್ನು ಸೋಮನಾಥಪುರದ ಹಗ್ಗದ ಪಕ್ಕದಲ್ಲಿಟ್ಟು ನೋಡಬೇಕು. 360 ಡಿಗ್ರಿ ಅರ್ಧ ಮಾಡುತ್ತ ಹೋದರೆ ಸಿಗುವುದಿಲ್ಲ. ಅದಕ್ಕೇ ಜಾರ್ಜ್ ಗ್ರಹಾಂ 1725ರಲ್ಲಿ ಗ್ರೀನಿಚ್ ವೀಕ್ಷಣಾಲಯಕ್ಕೆ ಎಂಟು ಅಡಿಯ ಕಾಲುವೃತ್ತ ಮಾಡಿದಾಗ ಎರಡು ಸಾಲು ಗೆರೆ ಹಾಕಿದ. ಒಂದರಲ್ಲಿ ಮಾಮೂಲಿ 90 ಡಿಗ್ರಿ, ಇನ್ನೊಂದರಲ್ಲಿ 96 ಭಾಗ. ತ್ರಿಜ್ಯವನ್ನು ಜ್ಯಾ ಆಗಿ ಇಟ್ಟರೆ ಅರವತ್ತು ಡಿಗ್ರಿ. ಅದನ್ನು ಆರು ಸಲ ಅರ್ಧ ಮಾಡಿದರೆ 64 ಭಾಗ, ಉಳಿದ ಮೂವತ್ತು ಡಿಗ್ರಿಗೆ 32, ಒಟ್ಟು 96. ಅರ್ಧ ಮಾಡಿದ ಸಾಲನ್ನೇ ಅವನು ನಂಬಿದ, ಡಿಗ್ರಿಯ ಸಾಲನ್ನು ಅದರಿಂದ ಪರೀಕ್ಷಿಸಿದ. ಡಂಬಳದ ಇಪ್ಪತ್ತನಾಲ್ಕು ಮೂಲೆಗಳು ಹುಟ್ಟಿದ ಬಾಗಿಲಿನಿಂದಲೇ ಗ್ರೀನಿಚ್ಚಿನ 96 ಕೂಡ ಹೊರಬಂದಿದೆ. ಕೊನೆಗೆ ಕೈಯಿಂದ ಕೊರೆಯುವ ಕಾಲ ಮುಗಿಸಿದವನು ಜೆಸ್ಸಿ ರ‍್ಯಾಮ್ಸ್‌ಡನ್. 1777ರಲ್ಲಿ ಅವನು ವಿವರ ಪ್ರಕಟಿಸಿದ ಯಂತ್ರದಲ್ಲಿ 45 ಅಂಗುಲದ ಚಕ್ರ, ಅದರ ಅಂಚಿಗೆ 2160 ಹಲ್ಲುಗಳು. ತಿರುಪು ಒಂದು ಸುತ್ತು ತಿರುಗಿದರೆ ಚಕ್ರ ಒಂದು ಡಿಗ್ರಿಯ ಆರನೆಯ ಒಂದು ಪಾಲು ಸರಿಯುತ್ತಿತ್ತು.

ವೃತ್ತವನ್ನು ಭಾಗ ಮಾಡಿದರೆ ಸಾಲದು, ಅದು ವೃತ್ತವಾಗಿಯೇ ಉಳಿಯಬೇಕು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಲ್ಯಾಂಬ್ಟನ್ನನ ಯಂತ್ರವನ್ನು ಏರಿಸುವಾಗ ಹಗ್ಗ ಕಡಿದು ಅದು ಗೋಡೆಗೆ ಬಡಿಯಿತು. ವೃತ್ತ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಅವನು ಯಂತ್ರವನ್ನು ಬಿಚ್ಚಿ, ವಾರಗಟ್ಟಲೆ ಕೂತು, ಸ್ವಲ್ಪ ಸ್ವಲ್ಪವೇ ಎಳೆದು ಬಡಿದು ಮತ್ತೆ ದುಂಡಗೆ ಮಾಡಿಕೊಂಡ. ಅದೇ ಯಂತ್ರ ಮುಂದೆಯೂ ವರ್ಷಾನುಗಟ್ಟಲೆ ಅಳತೆಗೆ ಬಂತು. ಆ ಅಪಘಾತಕ್ಕೂ ಮುಂಚೆ, ಬೆಂಗಳೂರಿನ ಹತ್ತಿರ 1804ರಲ್ಲಿ ನೆಲದ ಮೇಲೆ ಅಳೆದ ಸುಮಾರು ಏಳು ಮೈಲಿಯ ಆಧಾರರೇಖೆಗೂ ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿ ತಂದ ಉದ್ದಕ್ಕೂ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ ಬಂದಿತ್ತು.

ಇತ್ತ ಸೋಮನಾಥಪುರ ಹದಿನಾಲ್ಕನೆಯ ಶತಮಾನದ ದಾಳಿಗಳಿಗೆ ಸಿಕ್ಕು ಪೂಜೆ ನಿಂತು ಹೋಗಿತ್ತು. ಮೂಲ ಕೇಶವ ಮೂರ್ತಿಯೇ ಕಾಣೆಯಾಗಿದೆ. ಕಟ್ಟಡವನ್ನು ಮತ್ತೆ ವಿದ್ವತ್ತಿನ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರು. ಶ್ರೀರಂಗಪಟ್ಟಣದ ಹತ್ತಿರದ ಮಂಡ್ಯದ ಕೊಪ್ಪಲಿನಲ್ಲಿ 1860ರಲ್ಲಿ ಹುಟ್ಟಿದ ಅವರು 1906ರಿಂದ 1922ರವರೆಗೆ ಆ ಇಲಾಖೆ ನಡೆಸಿದರು. ಮೈಸೂರಿನ ವಾಸ್ತು ಮತ್ತು ಶಿಲ್ಪದ ಬಗ್ಗೆ ಅವರು ಹೊರತಂದ ಮಾಲೆಯ ಮೊದಲ ಪುಸ್ತಕವೇ 1917ರ ಸೋಮನಾಥಪುರದ ಕೇಶವ ದೇವಾಲಯ. ಬೇಲೂರು, ದೊಡ್ಡಗದ್ದವಳ್ಳಿ ಅದರ ನಂತರ ಬಂದವು. ಇದೇ ನರಸಿಂಹಾಚಾರ್ಯರೇ ಕರ್ಣಾಟಕ ಕವಿಚರಿತೆಯನ್ನು ಬರೆದವರು, ರಾಜಾದಿತ್ಯನನ್ನೂ ಅವನ ಕ್ಷೇತ್ರಗಣಿತವನ್ನೂ ನಮಗೆ ಪರಿಚಯಿಸಿದವರು. ಕನ್ನಡದ ರೇಖಾಗಣಿತದ ಓಲೆಗರಿಯೂ ಕಲ್ಲೂ ಒಬ್ಬರದೇ ಮೇಜಿನ ಮೇಲೆ ಬಂದು ಸೇರಿದ್ದವು. ಅವೆರಡನ್ನೂ ಜೋಡಿಸಿ ಓದುವ ಕೆಲಸವನ್ನು ನಂತರದ ನಾವು ಮಾಡಬೇಕಿತ್ತು. ಸಾಹಿತ್ಯದವರು ರಾಜಾದಿತ್ಯನನ್ನು ಕವಿಗಳ ಪಟ್ಟಿಯಲ್ಲಿ ಬಿಟ್ಟರು, ಪ್ರವಾಸೋದ್ಯಮದವರು ನಕ್ಷತ್ರವನ್ನು ಕಲಾಕೌಶಲವೆಂದು ಹೊಗಳಿ ಸುಮ್ಮನಾದರು, ಶಾಲೆಯ ಗಣಿತ ಪುಸ್ತಕ ಕೈವಾರದ ಪಾಠವನ್ನು ಯೂಕ್ಲಿಡನಿಂದ ಶುರುಮಾಡಿ ಅಲ್ಲಿಗೇ ಮುಗಿಸಿತು.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅಲ್ಲಿಗೆ ಹೋಗುವವರಿಗೆ ನನ್ನದೊಂದು ಮಾತು. ದೇವಾಲಯ ನಿಂತಿರುವ ಮೂರಡಿ ಎತ್ತರದ ಜಗತಿಯೂ ಗೋಡೆಯ ನಕ್ಷತ್ರವನ್ನೇ ಹಿಂಬಾಲಿಸುತ್ತದೆ. ಅದರ ಮೇಲೆ ಪ್ರದಕ್ಷಿಣೆ ಬರುವಾಗ ಒಂದು ವಿಮಾನದ ಮೂಲೆಗಳನ್ನು ಎಣಿಸಿ. ಹದಿನಾರೂ ಸಿಗುವುದಿಲ್ಲ, ಏಕೆಂದರೆ ಒಂದು ಪಕ್ಕ ನವರಂಗಕ್ಕೆ ಸೇರಿಕೊಂಡಿದೆ. ಸಿಕ್ಕಷ್ಟರಲ್ಲಿ ಒಂದು ಹೊರಮೂಲೆಯ ಎದುರು ನಿಂತು, ಅದರ ಎರಡು ಮುಖಗಳೂ ಲಂಬವಾಗಿ ಕೂಡುವುದನ್ನು ನೋಡಿ. ಬುಡದ ಆನೆಸಾಲಿನಿಂದ ಶಿಖರದವರೆಗೆ ಆ ಮೂಲೆ ಹಂತಹಂತವಾಗಿ ಕಿರಿದಾಗುತ್ತ ಹೋದರೂ ತನ್ನ ದಿಕ್ಕು ಬಿಡುವುದಿಲ್ಲ.

ಮೈಸೂರಿನ ಗಣಿತದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಇನ್ನೊಂದು ಕೇಳಿಕೆ. ಎಂಟನೆಯ ತರಗತಿಯವರನ್ನು ಸೋಮನಾಥಪುರಕ್ಕೆ ಕರೆದೊಯ್ಯುವ ಮುಂಚಿನ ವಾರ ಶಾಲೆಯ ಮೈದಾನಕ್ಕೆ ಇಳಿಸಿ. ಹತ್ತಡಿ ಹಗ್ಗ, ಹದಿನೇಳು ಗೂಟ, ಒಂದು ಬುಟ್ಟಿ ಸುಣ್ಣದ ಪುಡಿ ಸಾಕು. ಮೊದಲ ಗೂಟ ಕೇಂದ್ರಕ್ಕೆ, ಉಳಿದ ಹದಿನಾರು ಪರಿಧಿಗೆ. ಕೋನಮಾಪಕವನ್ನು ಆ ದಿನ ಚೀಲದಲ್ಲೇ ಬಿಡಲು ಹೇಳಿ.